ಕುಂತಲ್ಲೇ ಕುಂತ ಮಗ

“ಹೊರಗ ಕಾಲಿಟ್ಟರ ನನ್ನ ಹೆಣಾ ನೋಡ್ತಿ!” ಗುರುಲಿಂಗಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಲಾಕ್‌ಡೌನ್ ಮುಗಿದು ವರ್ಷವಾಗಿತ್ತು. ವಾಡಿ ಊರಿನ ಓಣಿಗಳಲ್ಲಿ ಜನ ಎಂದಿನಂತೆ ಓಡಾಡುತ್ತಿದ್ದರು. ಮಗ ಅಶೋಕಕುಮಾರ ಮಾತ್ರ ಹಾಕಿಕೊಂಡ ಬೂಟನ್ನು ಬಿಚ್ಚಿಟ್ಟು, ಮತ್ತೆ ಮಂಚದ ಮೇಲೆ ಕುಳಿತ.

ಹಿರಿಯ ಮಗ ಸಿದ್ಧಲಿಂಗ ಕೊರೊನಾದಲ್ಲಿ ತೀರಿಕೊಂಡಾಗ ಆ ತಾಯಿಗೆ ಅವನ ಮುಖ ನೋಡಲೂ ಸಿಕ್ಕಿರಲಿಲ್ಲ... ಅಂದಿನಿಂದ ಉಳಿದೊಬ್ಬ ಮಗನನ್ನು ಆಕೆ ಹೊರಗೆ ಬಿಟ್ಟಿರಲಿಲ್ಲ. ಅಶೋಕ ಶಾಲೆಯ ಮಕ್ಕಳಿಗೆ ಖೋಖೋ ಕಲಿಸುತ್ತಿದ್ದ ಮಾಸ್ತರ. ಮಕ್ಕಳಿಗಿಂತ ಮುಂದೆ ತಾನೇ ಓಡುತ್ತಿದ್ದವನು. ಶಾಲೆ ಮುಚ್ಚಿತು, ಕೆಲಸ ಹೋಯಿತು. ಈಗ ದಿನವಿಡೀ ಮೊಬೈಲ್ ಹಿಡಿದು ಕುಳಿತೇ ಇರುತ್ತಿದ್ದ. ಊಟವೂ ಅಲ್ಲಿಗೇ, ಚಹಾವೂ ಅಲ್ಲಿಗೇ. ಹೊಟ್ಟೆ ಬೆಳೆಯಿತು, ಕಾಲು ಬಾತವು, ನಾಲ್ಕು ಮಾತಾಡಿದರೆ ಏದುಸಿರು.

“ಅತ್ತಿ, ಮನಿ ಮುಂದರ ಅಡ್ಡಾಡಲಿ ಬಿಡ್ರಿ. ಅವರ ಮೈ ಮರಗಟ್ಟಾಕತ್ತದ,” ಅಶೋಕನ ಹೆಂಡತಿ ಉಮಾದೇವಿ ಕೈಮುಗಿದಳು.

“ಒಬ್ಬನ್ನ ಮಣ್ಣಿಗಿ ಕೊಟ್ಟೀನಿ. ಇವನ್ನೂ ಕೊಡಂತಿ ಏನು? ಕೊರಳಾಗಿನ ತಾಳಿ ನಿನಗ ಭಾರ ಆಗ್ಯಾದೇನು?”

ಉಮಾದೇವಿ ಮುಗಿದ ಕೈ ಇಳಿಸಿದಳು. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ...

ಆ ವಾರವೇ ಅಶೋಕ ಬಚ್ಚಲಿಗೆಂದು ಎದ್ದವನು ನಡುಮನೆಯಲ್ಲಿ ಕುಸಿದುಬಿದ್ದ. ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಪರೀಕ್ಷಿಸಿದ ಡಾಕ್ಟರು ಗುರುಲಿಂಗಮ್ಮನ ಕಡೆ ತಿರುಗಿದರು.

“ಕಾಲಾಗ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕ ಹೋಗ್ಯಾದ. ಶುಗರೂ ಭಾಳ ಏರ್ಯಾದ. ಜೀವ ಉಳದದ್ದೇ ದೊಡ್ಡದು. ಕುಂತಲ್ಲೇ ಕುಂತು ಹಿಂಗಾಗ್ಯಾದಮ್ಮ.”

ಗುರುಲಿಂಗಮ್ಮ ಹಣೆ ಬಡಿದುಕೊಂಡಳು. “ಸಾವು ಹೊರಗದ ಅಂತ ಬಾಗಿಲು ಕಾದೆನಲ್ಲೋ ಯಪ್ಪಾ... ಮನಿಯೊಳಗ ನಾನೇ ಅದನ್ನ ಕರದು ಕೂಡಿಸಿದ್ನೇನು!”

ಅಶೋಕ ಬದುಕಿದ. ಆದರೆ ಇನ್ನು ಮುಂದೆ ಓಡುವಂತಿರಲಿಲ್ಲ. ಮುಂಜಾನೆ ಹೊತ್ತು ಅವನನ್ನು ನಡೆಸಿಕೊಂಡು ಹೋಗುವ ಕೆಲಸ ಮನೆಯ ಇಬ್ಬರು ಹೆಂಗಸರದಾಯಿತು. ಒಂದು ದಿನ ಹಿಟ್ಟಿನ ಗಿರಣಿಯವರೆಗೆ ಹೋಗುವಷ್ಟರಲ್ಲಿ ಅವನಿಗೆ ಉಸಿರು ಸಾಲದಾಯಿತು. ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿ ತಾಯಿಯೂ ಕುಳಿತಳು.

“ಉಮಾ, ನನ್ನ ಮ್ಯಾಲ ಸಿಟ್ಟದ ಏನವ್ವಾ?”

ಉಮಾದೇವಿ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದಳು.

“ಸಿಟ್ಟದ ರೀ ಅತ್ತಿ. ಅದು ಹೋಗಾಕ ಇನ್ನೂ ಭಾಳ ದಿನಾ ಬೇಕು... ಏಳ್ರಿ. ಮನಿತನಕ ನಡೀಬೇಕು.”

ಗಂಡನಿಗೆ ಒಂದು ಕೈ, ಅತ್ತೆಗೆ ಇನ್ನೊಂದು ಕೈ ಕೊಟ್ಟು, ಅವಳು ಇಬ್ಬರನ್ನೂ ಎಬ್ಬಿಸಿದಳು.