ಬಲಕ್ಕೆ ತಿರುಗಿದ ಚಕ್ರ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಎರಡು ವಾರಗಳ ಹಿಂದೆ ಆಕೆಯ ಗಂಡ, ಗಣಿತದ ಮೇಷ್ಟ್ರು, ತಿರುವಿನ ಗೋಡೆಗೆ ಕಾರು ಗುದ್ದಿ ತೀರಿಕೊಂಡಿದ್ದರು. ಅಣ್ಣ ಕೆಲವು ದಿನಗಳಿಂದ ಮಂಕಾಗಿದ್ದ ಎಂದು ಮೃತರ ತಮ್ಮನೇ ಹೇಳಿಕೆ ಕೊಟ್ಟಿದ್ದ. ಬೇಕೆಂದೇ ಗುದ್ದಿರಬಹುದು ಎಂಬಲ್ಲಿಗೆ ಕಡತ ನಿಂತಿತ್ತು.

"ಮಗಳು ಒಂದೇ ಸಮ ಕೇಳ್ತಾಳೆ ಸರ್, ಅಪ್ಪಂಗೆ ನಾವು ಬೇಡವಾಗಿದ್ವಾ ಅಂತ. ನಾನೇನು ಹೇಳಲಿ?"

ಸಾವಿನ ಬಗ್ಗೆ ಅನುಮಾನವಿದೆ ಎಂಬ ಆಕೆಯ ದೂರನ್ನು ಇನ್‌ಸ್ಪೆಕ್ಟರ್ ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಆ ಪ್ರಶ್ನೆಗೆ ಮಾತ್ರ ಕಾನೂನಿನಲ್ಲಿ ಕಲಮಿರಲಿಲ್ಲ. ಅದು ಅವರ ಬೆನ್ನು ಹತ್ತಿತು.

ಮಧ್ಯಾಹ್ನ ಅವರು ಹೆಡ್ ಕಾನ್‌ಸ್ಟೆಬಲ್‌ನೊಂದಿಗೆ ಸ್ಥಳಕ್ಕೆ ಹೋದರು. ರಸ್ತೆ ಬಲಕ್ಕೆ ತಿರುಗುತ್ತದೆ; ಎಡಕ್ಕೆ ಗೋಡೆ. ಡಾಂಬರಿನ ಮೇಲೆ ಟೈರಿನ ಒಂದೇ ಕಪ್ಪು ಗೆರೆ ಇನ್ನೂ ಅಳಿಸಿರಲಿಲ್ಲ.

"ಬ್ರೇಕ್ ಒತ್ತಿದ್ರೆ ಎರಡೂ ಕಡೆ ಗೆರೆ ಬೀಳ್ಬೇಕಲ್ಲ ಸರ್? ಇದು ಎಡಗಡೇದು ಒಂದೇ," ಎಂದ ಹೆಡ್ ಕಾನ್‌ಸ್ಟೆಬಲ್. "ಒಂದೇ ಕಾಲು ಹಿಡಿದು ಯಾರೋ ಎಳೆದ ಹಾಗಿದೆ."

ಜಪ್ತಿ ವಾಹನಗಳ ಅಂಗಳದಲ್ಲಿ, ಪಂಚರ ಸಮಕ್ಷಮ, ಮೋಟಾರು ವಾಹನ ನಿರೀಕ್ಷಕರು ನಜ್ಜುಗುಜ್ಜಾದ ಕಾರಿಗೆ ಹೊರಗಿನಿಂದ ಬ್ಯಾಟರಿ ಜೋಡಿಸಿದರು. ದೀಪಗಳು ಕಣ್ಣುಬಿಟ್ಟವು. ಮರುಕ್ಷಣವೇ, ಖಾಲಿ ಸೀಟಿನತ್ತ, ಬೆಲ್ಟ್ ಹಾಕಿಕೊಳ್ಳಿ ಎಂಬ ಗಂಟೆ ಮೆಲ್ಲಗೆ ಬಡಿಯತೊಡಗಿತು.

ಹೆಡ್ ಕಾನ್‌ಸ್ಟೆಬಲ್ ಹಿಂದೆ ಸರಿದ. "ಯಾರಿಗೆ ಹೇಳ್ತಿದೆ ಸರ್ ಇದು?"

ನಿರೀಕ್ಷಕರು ಕಾರಿನ ದೋಷ ಓದುವ ಸ್ಕ್ಯಾನರ್ ಜೋಡಿಸಿದರು. ಮುಂದಿನ ಚಕ್ರಗಳು ಬಲಕ್ಕೆ ತಿರುಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದವು. ಆದರೆ ಸ್ಕ್ಯಾನರ್‌ನ ಪರದೆ ಸ್ಟೀರಿಂಗ್ ಕೋನವನ್ನು ಸೊನ್ನೆ ಎಂದು ತೋರಿಸುತ್ತಿತ್ತು.

"ಚಕ್ರ ಹೀಗೆ ಸೊಟ್ಟಗಿರುವಾಗ ಯಾರೋ ಸೆನ್ಸರಿಗೆ 'ಇದೇ ನೇರ' ಅಂತ ಕಲಿಸಿದ್ದಾರೆ," ಎಂದರು ನಿರೀಕ್ಷಕರು. "ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕೋ ಸ್ಥಿರತಾ ನಿಯಂತ್ರಣ, ನಿಧಾನಕ್ಕೆ ಹೋಗುವಾಗ ಸುಮ್ಮನಿರುತ್ತೆ. ವೇಗ ಹೆಚ್ಚಿದ ಮೇಲೆ ಮೇಷ್ಟ್ರು ಬಲಕ್ಕೆ ತಿರುಗಿಸಿದ್ದಾರೆ. ಡ್ರೈವರ್ ನೇರ ಹೋಗ್ತಿದ್ದಾನೆ, ಗಾಡಿನೇ ಜಾರ್ತಿದೆ ಅಂತ ತಿಳಿದ ಯಂತ್ರ, ಸರಿಪಡಿಸೋಕೆ ಎಡ ಚಕ್ರ ಒಂದಕ್ಕೇ ಬ್ರೇಕ್ ಹಾಕಿದೆ."

ಕಾಪಾಡಬೇಕಾದದ್ದೇ ಗೋಡೆಯ ಕಡೆಗೆ ಎಳೆದಿತ್ತು. ಇನ್‌ಸ್ಪೆಕ್ಟರ್ ಪಂಚನಾಮೆಗೆ ಸಹಿ ಹಾಕುವವರೆಗೂ ಆ ಗಂಟೆ ಬಡಿಯುತ್ತಲೇ ಇತ್ತು.

ಕಾರನ್ನು ಕೊನೆಯದಾಗಿ ರಿಪೇರಿ ಮಾಡಿದವನು ಮೆಕ್ಯಾನಿಕ್ ಆಗಿದ್ದ ಮೃತರ ತಮ್ಮ. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು 'ಡಾಕ್ಟ್ರು' ಎಂದು. ಅವನ ಗ್ಯಾರೇಜಿನ ನಡುವೆ ಕಂಬವೊಂದಿತ್ತು. ಒಳಗಿದ್ದ ಬೇರೊಂದು ಕಾರು ಅದನ್ನು ಸುತ್ತಿಕೊಂಡು, ಮುಂಚಕ್ರ ಬಲಕ್ಕೆ ತಿರುಗಿಸಿಕೊಂಡೇ ನಿಂತಿತ್ತು. ಇನ್‌ಸ್ಪೆಕ್ಟರ್ ಅದನ್ನೇ ಬಹಳ ಹೊತ್ತು ನೋಡಿದರು.

"ಅಣ್ಣನ ಗಾಡಿಗೆ ಏನಾಗಿತ್ತು?"

"ಎಚ್ಚರಿಕೆ ದೀಪ ಉರೀತಿತ್ತು. ಸ್ಟೀರಿಂಗ್ ಸೆನ್ಸರ್ ಬದಲಾಯಿಸ್ದೆ."

"ಸೊನ್ನೆ ಕೂರಿಸೋಕೆ ಮೊದಲು ಏನು ಮಾಡ್ಬೇಕು?"

"ಚಕ್ರ ನೇರ ಮಾಡ್ಬೇಕು."

"ಮಾಡಿದ್ರಾ?"

ಅವನು ಕೈಯ ಬಟ್ಟೆಯನ್ನು ಮಡಿಸಿದ, ಬಿಡಿಸಿದ. "ಗಾಡಿ ಹೊರಗೆ ತೆಗೀಬೇಕಿತ್ತು. ಬಾಗಿಲಿಗೆ ಇನ್ನೊಂದು ಅಡ್ಡ ನಿಂತಿತ್ತು. 'ಏನೋ ಡಾಕ್ಟ್ರೇ, ರೋಗಿ ಬದುಕ್ತಾನೋ ಇಲ್ವೋ' ಅಂತ ಅಣ್ಣ ಎಲ್ಲರೆದುರು ನಗ್ತಾ ನಿಂತಿದ್ದ. ಇದ್ದ ಹಾಗೇ ಸೊನ್ನೆ ಕೊಟ್ಟೆ. ದೀಪ ಆರಿತು."

"ಉರೀತಾನೇ ಇದ್ದಿದ್ರೆ?"

"ಆ ವ್ಯವಸ್ಥೆ ಕೆಲಸಾನೇ ಮಾಡ್ತಿರ್ಲಿಲ್ಲ. ಅಣ್ಣ ಮನೆ ಸೇರ್ತಿದ್ದ."

"ಯಾವಾಗ ಗೊತ್ತಾಯ್ತು?"

"ಸುದ್ದಿ ಬಂದ ಗಳಿಗೇಲೇ."

"ಮತ್ತೆ, ಅಣ್ಣ ಮಂಕಾಗಿದ್ದ ಅಂತ ಯಾಕೆ ಅಂದ್ರಿ?"

"ಅತ್ತಿಗೆ ನನ್ನ ಮುಖ ನೋಡ್ತಿದ್ರು ಸರ್. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಅಣ್ಣ ಎದ್ದು ಬಂದು ಅಲ್ಲ ಅನ್ನಲ್ವಲ್ಲ..." ಅವನ ದನಿ ಇಳಿಯಿತು. "ಆದ್ರೆ ದಿನಾ ಬರ್ತಾನೆ. ಅದೇ ಕಂಬದ ಹತ್ತಿರ ನಿಂತು ನಗ್ತಾನೆ."

ಸಂಜೆ ನಾಲ್ಕಕ್ಕೆ ನಿರ್ಲಕ್ಷ್ಯದಿಂದ ಸಾವು ಮತ್ತು ಸುಳ್ಳು ಹೇಳಿಕೆಯ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಹೆಡ್ ಕಾನ್‌ಸ್ಟೆಬಲ್ ಜೀಪಿನಲ್ಲಿ ಗೊಣಗಿದ: "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂದ್ಕೊಂಡ. ದೊಣ್ಣೆ ಹೋಗಿ ಅತ್ತಿಗೆ ತಲೆ ಮೇಲೆ ಬಿತ್ತು." ಆರೋಪಿಗೆ ಅಣ್ಣನ ಮೇಲೆ ದ್ವೇಷವಿರಲಿಲ್ಲ, ಅಣ್ಣನ ಕಣ್ಣಲ್ಲಿ ಒಳ್ಳೆಯ ಕಸುಬುದಾರನಾಗಿ ಉಳಿಯುವ ಆಸೆಯಷ್ಟೇ ಇತ್ತು ಎಂದು ಇನ್‌ಸ್ಪೆಕ್ಟರ್ ಕಡತದ ಕೊನೆಯಲ್ಲಿ ಬರೆದರು.

ಆಕೆಯ ಮನೆಗೆ ತಾವೇ ಹೋಗಿ ತಿಳಿಸಿದರು. ಆಕೆ ಮೈದುನನ ಮಾತೆತ್ತಲಿಲ್ಲ.

"ಅವರ ಕೈ ಬಲಕ್ಕೇ ತಿರುಗಿತ್ತಾ ಸರ್? ಖಂಡಿತವಾಗಿ?"

"ಕೊನೇವರೆಗೂ."

ಆಕೆ ಈಗ ಕುಳಿತರು. ಮಗಳಿದ್ದ ಒಳಗಿನ ಕೋಣೆಯತ್ತ ನೋಡಿ, ಪಿಸುದನಿಯಲ್ಲಿ ಅಂದರು: "ಆ ತಿರುವಲ್ಲಿ ಬಲಕ್ಕೆ ತಿರುಗಿದ್ರೆ ನಮ್ಮ ಬೀದಿ."