ಗೋಡೆ ಕಡೆ ತಿರುಗಿದ ಕ್ಯಾಮೆರಾ

ಮಂಗಳವಾರ ಬೆಳಿಗ್ಗೆ 9.20ಕ್ಕೆ ಆಸ್ಪತ್ರೆಯ ಹಿರಿಯ ನರ್ಸ್ ಠಾಣೆಗೆ ಬಂದು ದೂರು ಕೊಟ್ಟರು. ಆಪರೇಷನ್ ಆದ ವೃದ್ಧರೊಬ್ಬರಿಗೆ ಮೂರು ಸಲ ನೋವಿನ ಇಂಜೆಕ್ಷನ್ ಕೊಟ್ಟರೂ ನರಳಾಟ ನಿಂತಿರಲಿಲ್ಲ. ಅನುಮಾನ ಬಂದು ಸೀಸೆಗಳನ್ನು ಪರೀಕ್ಷೆ ಮಾಡಿಸಿದರೆ, ಹನ್ನೊಂದರಲ್ಲಿ ಇದ್ದದ್ದು ಬರೀ ಉಪ್ಪುನೀರು.

"ಚುಚ್ಚಿದ್ದು ನಾನೇ ಸಾರ್. ನಾಟಕ ಸಾಕು ಅಜ್ಜ ಅಂತ ಬೈದೂಬಿಟ್ಟೆ," ಎಂದರು.

ಎಫ್‌ಐಆರ್ ದಾಖಲಾಯಿತು. 10.45ಕ್ಕೆ ಇನ್‌ಸ್ಪೆಕ್ಟರ್ ಆ ನರ್ಸ್‌ರನ್ನು ಜೊತೆಗಿರಿಸಿಕೊಂಡು ಔಷಧ ಕೋಣೆಯ ಪಂಚನಾಮೆ ಶುರುಮಾಡಿದರು. ಬಾಗಿಲ ಮೇಲೆ ವೈಫೈ ಕ್ಯಾಮೆರಾ ಇತ್ತು. ಹೋದ ವಾರದ ದೃಶ್ಯಗಳನ್ನು ನೋಡುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಕಣ್ಣುಜ್ಜಿಕೊಂಡರು. ದಿನವೂ ಮಧ್ಯಾಹ್ನ 1.10ಕ್ಕೆ ಕ್ಯಾಮೆರಾ ತಾನಾಗಿ ಗೋಡೆಯತ್ತ ತಿರುಗಿ, ಆರು ನಿಮಿಷಕ್ಕೆ ವಾಪಸ್ ಬರುತ್ತಿತ್ತು.

"ಊಟದ ಹೊತ್ತಿಗೆ ಇದಕ್ಕೂ ಮುನಿಸು ಬರತ್ತೆ ಸಾರ್."

"ಮುನಿಸು ಬರಿಸೋನು ಯಾರು, ಅದನ್ನ ಹುಡುಕ್ರಿ."

ವೈಫೈಗೆ ಸೇರಿದ ಸಾಧನಗಳ ಪಟ್ಟಿಯಲ್ಲಿ ಒಂದು ಯಾರಿಗೂ ಗುರುತಿರಲಿಲ್ಲ. 12.30ಕ್ಕೆ ಅದು ಫ್ರಿಜ್ ಹಿಂದಿನ ಸ್ವಿಚ್ ಪೆಟ್ಟಿಗೆಯಲ್ಲಿ ಸಿಕ್ಕಿತು: ಬೆಂಕಿಪೊಟ್ಟಣದ ಗಾತ್ರದ ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಕೆಲಸಕ್ಕೆ ಬರೆದಿಟ್ಟ ಪುಟ್ಟ ಕಂಪ್ಯೂಟರ್. ನಾವು ಮೊಬೈಲಿನಲ್ಲಿ ಪುಟ ತೆರೆಯುವಾಗ ಹೋಗುವಂಥದೇ ಎಚ್‌ಟಿಟಿಪಿ ಕೋರಿಕೆಯನ್ನು ಅದು ಕ್ಯಾಮೆರಾಕ್ಕೆ ಕಳಿಸುತ್ತಿತ್ತು. ಒಂದು ಕೋರಿಕೆಗೆ ತಿರುಗು, ಇನ್ನೊಂದಕ್ಕೆ ಮರಳಿ ಬಾ. ಕ್ಯಾಮೆರಾ ಕೊಂಡಾಗಿನ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ.

ಇನ್‌ಸ್ಪೆಕ್ಟರ್ ಅದನ್ನು ತಿರುಗಿಸಿ ನೋಡಿದರು. "ಇದರಲ್ಲಿ ಗಡಿಯಾರ ಇಲ್ಲ. ಕರೆಂಟ್ ಕೊಟ್ಟ ಗಳಿಗೆಯಿಂದ ಇಪ್ಪತ್ನಾಲ್ಕು ಗಂಟೆ ಎಣಿಸತ್ತೆ, ಅಷ್ಟೆ. ಈಚೆಗೆ ಕರೆಂಟ್ ಹೋಗಿತ್ತೇನಮ್ಮ?"

"ನಿನ್ನೆ ಬೆಳಿಗ್ಗೆ ಹೋಗಿತ್ತು. 8.40ಕ್ಕೆ ಬಂತು."

"ಹಾಗಾದ್ರೆ ಎಣಿಕೆ 8.40ರಿಂದ ಹೊಸದಾಗಿ ಶುರುವಾಗಿದೆ, ನಿನ್ನೆ ಮಧ್ಯಾಹ್ನ ಕ್ಯಾಮೆರಾ ತಿರುಗಿರಲ್ಲ. ಹಾಕ್ರಿ ನಿನ್ನೆದು."

ನಿನ್ನೆಯ ದೃಶ್ಯದಲ್ಲಿ 1.10ಕ್ಕೆ ಬಾಗಿಲು ತೆರೆಯಿತು. ಫ್ರಿಜ್‌ನ ಉಷ್ಣತೆ ಬರೆದುಕೊಳ್ಳಲು ದಿನವೂ ಬರುವ ಉಪಕರಣಗಳ ಮೆಕ್ಯಾನಿಕ್. ಮೊದಲು ಉಷ್ಣತೆ ಬರೆದ. ಆಮೇಲೆ ಸಿರಿಂಜ್ ತೆಗೆದು ಸೀಸೆಗಳಿಂದ ಔಷಧ ಎಳೆದು, ಅಷ್ಟೇ ಉಪ್ಪುನೀರು ತುಂಬಿದ. ಒಂದು ಹನಿಯೂ ಚೆಲ್ಲಲಿಲ್ಲ.

ನರ್ಸ್ ಪರದೆಯ ಹತ್ತಿರಕ್ಕೆ ಬಗ್ಗಿದರು. "ಇವನಾ? ನಮ್ಮೆಲ್ಲರ ಮಿಕ್ಸಿ ರಿಪೇರಿ ಮಾಡಿಕೊಟ್ಟು ಕಾಫಿನೂ ಕುಡಿಯದೆ ಹೋಗೋನು ಸಾರ್."

ಮಂಗಳವಾರ ಅವನು ರಜೆಯಲ್ಲಿದ್ದ. 4.15ಕ್ಕೆ ಅವನ ಮನೆಯಲ್ಲಿ ಬಂಧನವಾಯಿತು. ಒಳಕೋಣೆಯಲ್ಲಿ ಹೆಂಡತಿ ಮಲಗಿದ್ದಳು. ಕ್ಯಾನ್ಸರ್ ಮೂಳೆಗೆ ಇಳಿದಿತ್ತು.

"ನೋವಿನ ಔಷಧಕ್ಕೆ ಡಾಕ್ಟರನ್ನ ಕೇಳಬಾರದಿತ್ತಾ?" ಎಂದರು ಇನ್‌ಸ್ಪೆಕ್ಟರ್.

"ಎರಡು ಸಲ ಕೇಳ್ದೆ. ಮುಂದಿನ ತಿಂಗಳು ನೋಡೋಣ ಅಂದ್ರು. ಇವಳ ಹತ್ರ ಅಷ್ಟು ದಿನ ಇರ್ಲಿಲ್ಲ ಸಾರ್."

"ಆ ಉಪ್ಪುನೀರು ಇನ್ನೊಬ್ಬರ ಮೈಗೆ ಹೋಗತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಆ ವಾರ್ಡಿನ ಕಡೆ ಹೋಗೋದು ಬಿಟ್ಟುಬಿಟ್ಟಿದ್ದೆ."

ಹೆಡ್ ಕಾನ್‌ಸ್ಟೆಬಲ್ ಬೇರೆ ಕಡೆ ನೋಡಿದರು.

"ಯಾರ್ರೀ ಬಂದಿರೋದು?" ಒಳಗಿನಿಂದ ದನಿ ಬಂತು.

"ಆಫೀಸಿನವರು ಕಣೇ. ಹೋಗಿ ಬರ್ತೀನಿ," ಎಂದು ಅವನು ಚಪ್ಪಲಿ ಮೆಟ್ಟಿದ.

ಆಕೆಗೆ ಆರು ಗಂಟೆಗೆ ಇಂಜೆಕ್ಷನ್ ಬೇಕಿತ್ತು. ಇನ್‌ಸ್ಪೆಕ್ಟರ್ ಜೀಪು ಹತ್ತುವ ಮೊದಲು ಹಿರಿಯ ನರ್ಸ್‌ಗೆ ಫೋನ್ ಮಾಡಿದರು. 5.50ಕ್ಕೆ ನರ್ಸ್ ಡಾಕ್ಟರ ಚೀಟಿ, ಇಂಜೆಕ್ಷನ್ ಎರಡನ್ನೂ ಹಿಡಿದು ಬಂದು, ಅವನ ಮನೆಯ ಬಾಗಿಲು ತಟ್ಟಿದರು.