ತುಟಿಯಾಡಿಸಿ ಓದುವ ಗಿರಾಕಿ

ಚಿತ್ರದುರ್ಗದ ಸಂತೆಪೇಟೆ ಸಂದಿಯಲ್ಲಿರುವ ಶಿವುವಿನ ಪುಸ್ತಕದಂಗಡಿಗೆ ಓದುಗರಿಗಿಂತ ಓಡುಗರೇ ಹೆಚ್ಚು. ಬಸ್ಸು ಹೊರಡುವುದರಲ್ಲಿದೆ, ಕೋಚಿಂಗ್ ಶುರುವಾಗುವುದರಲ್ಲಿದೆ, ಬೇಗ ಒಂದು ಪಿಡಿಒ ಗೈಡ್ ಕೊಡಿ ಎಂದು ನುಗ್ಗಿ ಅಷ್ಟೇ ಬೇಗ ಮಾಯವಾಗುವವರು. ಅವರು ಹೋದ ಮೇಲೆ ಸುಮ್ಮನಿರುವ ಜಾತಿ ಶಿವುವಿನದಲ್ಲ. ಪುಸ್ತಕವನ್ನು ಅವರಿಗೆ ಕೊಟ್ಟು, ಅವರ ದನಿಯನ್ನು ತಾನಿಟ್ಟುಕೊಳ್ಳುತ್ತಿದ್ದ.

ಆ ಶನಿವಾರ ಮಧ್ಯಾಹ್ನವೂ ಅಂಜನಪ್ಪ ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು. ನಿವೃತ್ತರಾದಂದಿನಿಂದ ಅವರು ಪುಸ್ತಕ ಕೊಳ್ಳುವುದನ್ನು ಬಿಟ್ಟು, ಅಂಗಡಿಯಲ್ಲೇ ಓದಿ ಮುಗಿಸುವ ಅಭ್ಯಾಸ ಹಿಡಿದಿದ್ದರು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು.

"ಇವತ್ತು ಏನೇನು ಮಾರಿದ್ಯಪ್ಪ?" ಎಂದರು ಮೇಷ್ಟ್ರು.

ಶಿವು ಹೇಳಲಿಲ್ಲ, ಎದ್ದು ನಿಂತು ಮಾಡಿ ತೋರಿಸಿದ. ಮೊದಲು ಹೊಳಲ್ಕೆರೆಯ ಯಜಮಾನರು. ಪಂಚಾಂಗ ಬಿಡಿಸಿ, ತಮ್ಮ ರಾಶಿ ಹುಡುಕಿ, ಮುಖ ಹುಳಿ ಮಾಡಿಕೊಂಡು: "ಬ್ಯಾರೆ ಕಂಪನಿದು ಐತೇನಪ್ಪ? ಇದ್ರಾಗೆ ನಮ್ಗೆ ಶನಿ ಕಾಟ ಹಾಕ್ಬಿಟ್ಟವ್ರೆ!" ಆಮೇಲೆ ಹೊಸದುರ್ಗದ ಹೊಸ ಜೋಡಿ. ಗಂಡ ಅಡುಗೆ ಪುಸ್ತಕ ಎತ್ತಿ ಹೆಂಡತಿಗೆ ತೋರಿಸಿದರೆ ಅವಳು, "ಅದು ನೀವು ಓದ್ಕಳ್ರಿ, ನಂಗೆ ಆ ಪತ್ತೇದಾರಿ ಕೊಡ್ಸಿ."

ಹುಡುಗಿಯರು ಹೊಟ್ಟೆ ಹಿಡಿದುಕೊಂಡರು. "ಅಣ್ಣ, ಆ ಬಬ್ಬೂರಿನ ಅಕ್ಕನ್ನ ಮಾಡ್ರಿ!"

ಬಬ್ಬೂರಿನ ಅಕ್ಕ ಎಂದರೆ ಗಂಗಾ. ಹಿರಿಯೂರು ಬಳಿಯ ಆ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಶನಿವಾರ ಶನಿವಾರ ಬರುವವಳು. ಶಿವು ಕಪಾಟಿನಿಂದ ಒಂದು ಕಾದಂಬರಿ ತೆಗೆದ. ಮೊದಲು ಕೊನೆಯ ಹಾಳೆ ನೋಡಿದ. ನಂತರ ನಡುವೆ ಎಲ್ಲೋ ತೆರೆದು, ಸದ್ದಿಲ್ಲದೆ ತುಟಿಯಾಡಿಸತೊಡಗಿದ. ಹುಬ್ಬೊಂದು ಅತ್ತೆಯಂತೆ ಮೇಲೇರಿತು. ಕೆಳತುಟಿ ಮಗುವಿನಂತೆ ಜೋತುಬಿತ್ತು. ಕಣ್ಣು ಚಾವಣಿಯನ್ನು ಏನೋ ಕೇಳಿತು, ಚಾವಣಿ ಬೇಡ ಎಂದಿತು. ತಲೆಯಾಡಿಸಿ ಪುಸ್ತಕವನ್ನು ಒಳಗಿಟ್ಟ, ಇನ್ನೊಂದಕ್ಕೆ ಕೈ ಹಾಕಿದ.

ನಗು ತಟ್ಟನೆ ನಿಂತಿತು. ಬಾಗಿಲಲ್ಲಿ ಗಂಗಾ ನಿಂತಿದ್ದಳು.

"ಚೆನ್ನಾಗಿ ಮಾಡ್ತೀರ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಶಿವು ಹೇಗೋ ಬದುಕಿಕೊಳ್ಳುತ್ತಿದ್ದ. "ಒಂದು ತಪ್ಪೈತೆ. ನಾನು ಪುಸ್ತಕ ಎಡಗೈಲಿ ಹಿಡಿತೀನಿ."

"ಗಂಗಾ ಅವ್ರೆ, ಅದು..."

"ನನ್ನ ಬೆನ್ನ ಹಿಂದೆ ಇಷ್ಟೆಲ್ಲ ಬರುತ್ತಲ್ಲ ನಿಮ್ಗೆ. ನಾನು ಮುಂದೆ ನಿಂತ್ರೆ ಬಿಲ್ ಹರಿಯೋದು ಬಿಟ್ಟು ಬ್ಯಾರೆ ಏನೂ ಬರಲ್ಲ."

ಅಷ್ಟು ಹೇಳಿ ಏನೂ ಕೊಳ್ಳದೆ ಹೊರಟುಹೋದಳು.

ಅವಳು ಹೇಳಿದ್ದು ನಿಜ. ಊರಿನ ದನಿಗಳೆಲ್ಲ ಅವನ ಗಂಟಲಲ್ಲಿದ್ದವು. ಗಂಗಾ ಎದುರು ಬಂದರೆ ಅವನ ಸ್ವಂತದ್ದೇ ಸಿಗುತ್ತಿರಲಿಲ್ಲ. ಅವಳು ಪುಸ್ತಕ ಮುಂದಿಟ್ಟು ಒಂದು ಕ್ಷಣ ಕಾಯುವಳು, ಅವನು ಒಂದು ಮಾತಾದರೂ ಆಡಲಿ ಎಂಬಂತೆ. ಅವನು ಬಿಲ್ಲಿನ ಮೇಲೆ ಅಗತ್ಯಕ್ಕಿಂತ ಹೆಚ್ಚು ಬಗ್ಗುವನು.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನದೂ ಖಾಲಿ ಹೋಯಿತು. ಅಂಗಡಿಯಲ್ಲಿ ಯಾರು ಏನು ಕೊಂಡರೋ ಶಿವುವಿಗೆ ನೆನಪಿರುತ್ತಿರಲಿಲ್ಲ. ಪೊಲೀಸ್ ಪರೀಕ್ಷೆಯ ಗೈಡ್ ಕೇಳಿದವನಿಗೆ ರಂಗೋಲಿ ಪುಸ್ತಕ ಕಟ್ಟಿಕೊಟ್ಟ.

"ಲೇ ಶಿವು," ಮೇಷ್ಟ್ರು ಕನ್ನಡಕ ತೆಗೆದರು, "ನನ್ನ ಮಾಡುವಾಗ ಬರೀ ಕೆಮ್ಮಿ ಮುಗಿಸ್ತೀಯ. ಆ ಹುಡುಗಿನ ಮಾಡುವಾಗ ರೆಪ್ಪೆ ಬಡಿಯೋದೂ ಬಿಡಲ್ಲ. ಅದು ಮಿಮಿಕ್ರಿ ಅಲ್ಲ ಕಣೋ."

"ಮತ್ತೇನು ಮೇಷ್ಟ್ರೆ?"

"ಅದನ್ನ ನನ್ ಬಾಯಾಗೆ ಹೇಳಿಸ್ಬ್ಯಾಡ. ಬಬ್ಬೂರಿಗೆ ಹೋಗು. ಅಂಗಡಿ ನಾನು ನೋಡ್ಕಂತೀನಿ."

ಸೋಮವಾರ ಚೀಲದಲ್ಲಿ ನಾಲ್ಕಾರು ಕಾದಂಬರಿ ಹಾಕಿಕೊಂಡು ಶಿವು ಹಿರಿಯೂರು ಬಸ್ಸು ಹತ್ತಿದ. ಕ್ಷಮೆ ಕೇಳುವುದನ್ನು ಒಮ್ಮೆ ಗಂಭೀರವಾಗಿ, ಒಮ್ಮೆ ಅಳುಮೋರೆಯಲ್ಲಿ, ಒಮ್ಮೆ ಸಿನಿಮಾ ಹೀರೋನಂತೆ ಅಭ್ಯಾಸ ಮಾಡಿದ. ಐಮಂಗಲ ಬರುವಷ್ಟರಲ್ಲಿ ಪಕ್ಕದ ಪ್ರಯಾಣಿಕರು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು.

ಸಂಶೋಧನಾ ಕೇಂದ್ರದ ಹೊಲದ ಬದಿ, ಹೊಂಗೆ ಮರದಡಿ ಕೂಲಿ ಹೆಂಗಸರು ಬುತ್ತಿ ಬಿಚ್ಚಿದ್ದರು. ಅವನಿಗೆ ಮೊದಲು ಕೇಳಿದ್ದು ಒಬ್ಬ ಅತ್ತೆಯ ಗದರಿಕೆ. ಮರುಕ್ಷಣ ಒಂದು ಮಗುವಿನ ಅಳು. ಹತ್ತಿರ ಹೋದರೆ ಅಲ್ಲಿ ಅತ್ತೆಯೂ ಇಲ್ಲ, ಮಗುವೂ ಇಲ್ಲ. ಎಡಗೈಯಲ್ಲಿ ಪುಸ್ತಕ ಹಿಡಿದ ಗಂಗಾ ಇದ್ದಳು. ಅವಳ ಹುಬ್ಬು ಏರಿದರೆ ಸುತ್ತಲಿನ ಹುಬ್ಬುಗಳೆಲ್ಲ ಏರುತ್ತಿದ್ದವು. ರೊಟ್ಟಿ ಮುರಿದ ಕೈಗಳು ಬಾಯಿಗೆ ಹೋಗುವುದನ್ನೇ ಮರೆತಿದ್ದವು.

ಗಂಗಾ ಅವನನ್ನು ನೋಡಿದಳು. ಕಥೆಯ ಅತ್ತೆ ಅರ್ಧ ಬೈಗುಳದಲ್ಲೇ ನಿಂತುಬಿಟ್ಟಳು.

"ಯಾರಪ್ಪ ನೀನು?" ಎಂದರು ಅವರಲ್ಲಿ ಹಿರಿಯರಾದ ನಿಂಗಕ್ಕ.

"ದುರ್ಗದಾಗೆ ಪುಸ್ತಕದಂಗಡಿ ಐತೆ ಅಮ್ಮ, ನಂದು."

"ಅಯ್ಯೋ, ಮುಚ್ಚೈತಂತಲ್ಲ! ಅಂಗಡಿ ಮುಚ್ಚೈತೆ ಅಂತ ಇವ್ಳು ಹಳೇದನ್ನೇ ತಿರುಗಿಸಿ ತಿರುಗಿಸಿ ಓದ್ತಾವ್ಳೆ."

ಶಿವು ಗಂಗಾಳತ್ತ ನೋಡಿದ. ಅವಳು ಪುಸ್ತಕದ ಮೇಲಿಲ್ಲದ ಧೂಳು ಒರೆಸುತ್ತಿದ್ದಳು. ಅವನ ತಪ್ಪನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಕೊನೆ ಹಾಳೆ ನೋಡಿದ್ದೇ ತರಬೇಕಪ್ಪ ಮತ್ತೆ," ಪಕ್ಕದಲ್ಲಿದ್ದ ಚಂದ್ರಕ್ಕ ಚೀಲಕ್ಕೆ ಕೈ ಹಾಕಿದರು. "ಹುಡುಗಿ ಸಾಯೋ ಕಥೆ ಮಧ್ಯಾಹ್ನ ಕೇಳಿದ್ರೆ, ಆಮ್ಯಾಕೆ ಕಳೆ ಕೀಳಾಕೆ ಕೈಯೇ ಬರಲ್ಲ. ನಮ್ಮ ಗಂಗಾ ಅಲ್ಲೇ ಅಂಗಡ್ಯಾಗೆ ತುಟಿಯಾಡ್ಸಿ ಓದಿ ನೋಡ್ಕಂಡು, ನಮ್ಗೆ ಹಿಡಿಸೋದನ್ನೇ ತರ್ತಾಳೆ."

ಬಸ್ಸಿನಲ್ಲಿ ಕಲಿತ ಕ್ಷಮೆಗಳೆಲ್ಲ ಶಿವುವಿಗೆ ಮರೆತುಹೋದವು.

"ಅಂಗಡಿ ಮುಚ್ಚಿಲ್ಲ ಅಮ್ಮ," ಎಂದ. "ಇವ್ರು ತುಟಿಯಾಡ್ಸೋದನ್ನ ನಾನು ಮಾಡಿ ತೋರ್ಸಿ ಜನರನ್ನ ನಗಿಸ್ದೆ. ಅದಕ್ಕೇ ಇವ್ರು ಬಂದಿಲ್ಲ. ಯಾಕೆ ಹಂಗೆ ಓದ್ತಾರೆ ಅಂತ ಕೇಳೋ ಯೋಗ್ಯತೆನೂ ಇರ್ಲಿಲ್ಲ ನಂಗೆ. ತಪ್ಪಾಯ್ತು ಗಂಗಾ."

'ಅವ್ರೆ' ಬಿಟ್ಟು ಬರೀ ಗಂಗಾ ಎಂದದ್ದು ಅವನಿಗೆ ತಿಳಿಯಲಿಲ್ಲ. ಹೆಂಗಸರಿಗೆಲ್ಲ ತಿಳಿಯಿತು.

"ಕುಂತ್ಕಳಪ್ಪ," ನಿಂಗಕ್ಕ ಹೊಸ ಪುಸ್ತಕವೊಂದನ್ನು ಅವನ ಕೈಗೇ ತುರುಕಿದರು. "ನೀನು ಹೆಂಗೆ ಓದ್ತೀಯೋ ನಾವೂ ನೋಡಾಣ."

ಶಿವು ಓದಿದ. ಎರಡು ಸಾಲು ಓದುವಷ್ಟರಲ್ಲಿ ಚಂದ್ರಕ್ಕ ಕೈ ಎತ್ತಿದರು. "ಬಸ್‌ಸ್ಟ್ಯಾಂಡಾಗೆ ಕೂಗಿದಂಗೈತಲ್ಲೋ! ಗಂಗಾ, ನೀನೇ ಸೇರ್ಕಳೆ."

ಗಂಗಾ ನಗು ಅದುಮಿಕೊಂಡು ಹತ್ತಿರ ಸರಿದಳು. ಹುಡುಗಿಯ ಮಾತು ಅವಳದು, ಹುಡುಗನ ಮಾತು ಅವನದು. ಒಂದೇ ಹಾಳೆಯ ಮೇಲೆ ಎರಡು ತಲೆ ಬಾಗಿದವು. ಅವಳ ಕೂದಲೆಳೆಯೊಂದು ಗಾಳಿಗೆ ಹಾರಿ ಅವನ ಸಾಲಿನ ಮೇಲೆ ಬಿತ್ತು. ಅವಳು ಅದನ್ನು ಕಿವಿಯ ಹಿಂದೆ ಸಿಗಿಸುತ್ತ ಓರೆಗಣ್ಣಲ್ಲಿ ನೋಡಿದಳು. ಶಿವುವಿಗೆ ಸಾಲು ತಪ್ಪಿತು. ಯಾರೂ ಸರಿಪಡಿಸಲಿಲ್ಲ. ನಿಂಗಕ್ಕ ಚಂದ್ರಕ್ಕನ ಪಕ್ಕೆ ತಿವಿದರು.

ಊಟದ ಹೊತ್ತು ಮುಗಿದು ಹೆಂಗಸರು ಹೊಲಕ್ಕಿಳಿದರು. ಗಂಗಾ ಅವನನ್ನು ರಸ್ತೆಯವರೆಗೆ ಬಿಡಲು ಬಂದಳು.

"ಈಗ ಮುಂದೇನೇ ನಿಂತೀನಿ," ಎಂದಳು. "ಏನಾದ್ರೂ ಹೇಳ್ರಿ. ಯಾರ ದನಿನೂ ಬ್ಯಾಡ, ನಿಮ್ದೇ."

ಶಿವು ಗಂಟಲು ಸರಿಮಾಡಿಕೊಂಡ. ಬಂದದ್ದು ಒಡಕು ದನಿ, ಆದರೆ ಅವನದೇ. "ನೀನಂದ್ರೆ ಇಷ್ಟ. ಅಂಗಡಿಗೆ ಎಷ್ಟೋ ಜನ ಬರ್ತಾರೆ, ಏನೇನೋ ತಗಂತಾರೆ. ನೀನು ಬರ್ದೇ ಇದ್ದಾಗ ಮಾತ್ರ ಅಂಗಡಿ ಖಾಲಿ ಆಗುತ್ತೆ."



"ಹಿರಿಯೂರಾಗೂ ಪುಸ್ತಕ ಸಿಗ್ತಾವೆ," ಎಂದಳು ಗಂಗಾ, ರಸ್ತೆಯನ್ನೇ ನೋಡುತ್ತ. "ಇಲ್ಲಿಂದ ಆಟೋದಾಗೆ ಹೋಗಿ ಬರಬೌದು. ಅದನ್ನ ಬಿಟ್ಟು ವಾರ ವಾರ ದುರ್ಗದ ತಂಕ ಬಸ್ಸಾಗೆ ನಿಂತ್ಕಂಡು ಬರ್ತಿದ್ದೆನಲ್ಲ, ಯಾಕೆ ಅಂತ ಒಂದಿನಾನೂ ಕೇಳ್ಲಿಲ್ಲ ನೀವು."

ಶಿವು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಜೋತಾಡುತ್ತಿದ್ದ ಕಂಡಕ್ಟರ್ "ದುರ್ಗ, ದುರ್ಗ, ದುರ್ಗ!" ಎಂದು ಕೂಗಿದ. ಬೇರೆ ದಿನವಾಗಿದ್ದರೆ ಆ ಕೂಗನ್ನು ಶಿವು ಅಲ್ಲೇ ನಕಲು ಮಾಡುತ್ತಿದ್ದ. ಈಗ ಸುಮ್ಮನೆ ಮೆಟ್ಟಿಲ ಮೇಲೆ ಕಾಲಿಟ್ಟ; ಹಿಂದಿನಿಂದ ಚೀಲ ಯಾಕೋ ಭಾರವೆನಿಸಿತು. ತಿರುಗಿ ನೋಡಿದರೆ ಅದರ ಪಟ್ಟಿಯನ್ನು ಗಂಗಾ ಹಿಡಿದಿದ್ದಳು.

"ಏನಪ್ಪ, ಹತ್ತೀಯೋ ಇಲ್ವೋ?" ಕಂಡಕ್ಟರ್ ರೇಗಿದ.

"ಅವ್ರು ಈ ಬಸ್ಸಿಗೆ ಬರಲ್ಲ," ಎಂದಳು ಗಂಗಾ, ಪಟ್ಟಿ ಬಿಡದೆ. "ನೀವು ಹೋಗ್ರಿ."